ಮಳೆಗೆ ನೆನೆದ ತುಪಾಕಿ ಮದ್ದು

ಆಗ ನನಗೆ ಅರವತ್ತೊಂದು. ಅದಾಗಿ ಏಳು ವರ್ಷವಾಯಿತು. ಅಡುಗೆಮನೆಯ ಹೆಂಚು ಸೋರಿ, ಅಟ್ಟದ ಮೇಲೆ ನಮ್ಮ ಮನೆಯವರು ಡಬ್ಬಿಯಲ್ಲಿಟ್ಟಿದ್ದ ತುಪಾಕಿ ಮದ್ದು ನೆನೆದು ಮುದ್ದೆಯಾಗಿತ್ತು. ಮಡಕಶಿರಾ ಕಡೆಯ ನಮ್ಮ ಹಳ್ಳಿಯಲ್ಲಿ ಲೈಸೆನ್ಸ್ ಇದ್ದ ತುಪಾಕಿ ಅವರದೊಂದೇ. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕಾಲದ್ದು. ಕಡಲೆಕಾಯಿ ಕೀಳುವುದಕ್ಕೆ ಬಂದಿತ್ತು. ಹೊತ್ತು ಇಳಿದರೆ ಕಾಡುಹಂದಿಗಳು ಬಂದು ಸಾಲುಸಾಲೇ ಬಗೆದು ಹೋಗುತ್ತಿದ್ದವು. ಊರವರೆಲ್ಲ ಇವರ ಮುಖ ನೋಡುತ್ತಿದ್ದರು. ಇವರು ಮೀಸೆ ತಿರುವುತ್ತಿದ್ದರು.

ನಮ್ಮಲ್ಲಿ ಏನೇ ನೆನೆಯಲಿ, ಮಾಳಿಗೆಯ ಮೇಲೆ ಹರವುವುದೊಂದೇ ಗೊತ್ತು. ರಾಗಿ, ಹುಣಸೆಹಣ್ಣು, ಹಾಸಿಗೆ, ಎಲ್ಲಕ್ಕೂ ಅದೇ. ಇವರು ಮದ್ದನ್ನೂ ಹರವಿಬಿಟ್ಟರು. ಅದೂ ನಾನು ರೇಷ್ಮೆ ಹುಳು ಸಾಕುವ ತಟ್ಟೆಯಲ್ಲಿ! ನನಗೆ ಮೊದಲು ಉರಿದದ್ದು ಅದಕ್ಕೇ.

ಅವತ್ತೇ ನಮ್ಮಣ್ಣ ಕಣೇಕಲ್ಲಿನಿಂದ ಬಸ್ಸಿಗೆ ಬಂದ. ಹಬ್ಬಕ್ಕೆ ನನಗೊಂದು ಸೀರೆ ತಂದಿದ್ದ. ನೀರು ಕುಡಿದು ನಮ್ಮಿಬ್ಬರ ಜೊತೆ ಮಾಳಿಗೆ ಹತ್ತಿದವನು ತಟ್ಟೆಯ ಮುಂದೆ ಕುಕ್ಕುರುಗಾಲಲ್ಲಿ ಕೂತ. ಮದ್ದು ಒಣಗಿತ್ತು ನಿಜ. ಆದರೆ ಅಂಚಿನ ಸುತ್ತ ಬೆಳ್ಳಗೆ ಉಪ್ಪು ಕಟ್ಟಿತ್ತು, ಹಳೇ ಗೋಡೆಗೆ ಕಟ್ಟುತ್ತದಲ್ಲ, ಹಾಗೆ.

"ಭಾವ, ಇದನ್ನ ತುಂಬ್ತೀರೇನ್ರಿ?"

"ಹ್ಞೂ, ಇವತ್ತೇ. ಒಣಗೈತಲ್ಲ ಭಾವಯ್ಯ, ಇನ್ನೇನು?"

"ತುಂಬಬ್ಯಾಡ್ರಿ. ಮದ್ದಿನಾಗಿನ ಪೆಟ್ಲುಪ್ಪು ನೀರಾಗ ಕರಗಿ ಬ್ಯಾರೆ ಕುಂತೈತಿ, ನೋಡ್ರಿ. ಒಮ್ಮೆ ಹತ್ತಂಗಿಲ್ಲ, ಒಮ್ಮೆ ತಡದು ಹತ್ತತೈತಿ."

"ಕಾಲುವೆ ನೀರು ಕುಡ್ಕೊಂಡು ಭತ್ತ ಬೆಳೆಯೋರಿಗೆ ಮದ್ದಿನ ಸಂಗ್ತಿ ಏನ್ ಗೊತ್ತಾಯ್ತದೆ ಬಿಡು!"

ಅಣ್ಣ ನಕ್ಕ. ಟವಲಿನಿಂದ ಮುಖ ಒರೆಸಿ ಎಡಗಡೆಯ ಹುಬ್ಬನ್ನು ತೋರಿಸಿದ. ಹುಬ್ಬು ಎಂದರೆ ಬರೀ ಗೆರೆ, ಕೂದಲಿಲ್ಲ. "ಭತ್ತದ ಗದ್ದ್ಯಾಗ ನಾನೂ ನೆಂದ ಮದ್ದು ಒಣಗಿಸಿ ತುಂಬಿದ್ದೆ. ಹತ್ತಲಿಲ್ಲ. ಯಾಕ ಹತ್ತಲಿಲ್ಲಂತ ಬಗ್ಗಿ ನೋಡಿದೆ. ಆವಾಗ ಹತ್ತಿತು. ಕಣ್ಣು ಉಳೀತು, ಪುಣ್ಯ. ನೀವು ತುಂಬೋದೇ ಖರೆ ಅಂದ್ರ ಮೊದಲ ಆ ಮೀಸಿ ಬೋಳಿಸ್ಕೊಂಡು ಬರ್ರಿ. ಸುಟ್ಟ ಮೀಸಿ ನೋಡಾಕ ಚಂದ ಇರಂಗಿಲ್ಲ."

ನಮ್ಮ ಮನೆಯವರಿಗೆ ರೋಷ ಬಂತು. "ಮೀಸೆ ಸುದ್ದಿಗೆ ಬರಬ್ಯಾಡ! ಹಸಿ ಇದ್ರೆ ಒಲೆ ಪಕ್ಕ ಇಟ್ಟು ಇನ್ನೊಂಚೂರು..."

ಒಲೆ ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ತಟ್ಟೆ ಎತ್ತಿಕೊಂಡೆ. ಇಬ್ಬರೂ ಮೀಸೆ ಹುಬ್ಬು ಅಂತ ಜಗಳಕ್ಕೆ ಬಿದ್ದಿದ್ದರು, ನನ್ನ ಕಡೆ ನೋಡಲಿಲ್ಲ. ಮೆಟ್ಟಿಲಿಳಿದು ತಿಪ್ಪೆಗುಂಡಿಗೆ ಸುರುವಿ ಮೇಲೆ ಕೊಡಗಟ್ಟಲೆ ನೀರು ಹೊಯ್ದೆ. ಕರಿಯ ಕೆಸರಾಯಿತು. ಒಂದು ಕಣ್ಣಿನ ಗಂಡನನ್ನು ಇಟ್ಟುಕೊಂಡು ನಾನೇನು ಮಾಡಲಿ?

ಇವರು ನೋಡಿದವರೇ ಕೂಗಾಡಿದರು. "ನನ್ನ ಮದ್ದು! ಇನ್ನು ಹಂದಿನ ನಿಮ್ಮಪ್ಪ ಓಡಿಸ್ತಾನೇನೇ?"

"ನಮ್ಮಪ್ಪ ಸತ್ತು ಬಾಳ ದಿನ ಆತ್ರಿ. ನೀವೇ ಓಡಿಸ್ರಿ," ಅಂದೆ.

ಹೊತ್ತು ಇಳಿಯುವಾಗ ಮದ್ದಿಲ್ಲದ ಬರೀ ತುಪಾಕಿ ಹೆಗಲಿಗೇರಿಸಿಕೊಂಡು ಹೊಲಕ್ಕೆ ಹೊರಟರು. ಊರವರ ಮುಂದೆ ಮರ್ಯಾದೆ ಉಳಿಯಬೇಕಲ್ಲ. ಬಡಿದು ಸದ್ದು ಮಾಡುವುದಕ್ಕೆ ಅಣ್ಣ ಎಣ್ಣೆಯ ಖಾಲಿ ಡಬ್ಬ ಹಿಡಿದ, ನಾನು ತಟ್ಟೆ-ಲೋಟ ಹಿಡಿದೆ. ಸುದ್ದಿ ತಿಳಿದ ಅಕ್ಕಪಕ್ಕದ ಹೆಂಗಸರೂ ನಗುತ್ತ ಹಿಂದೆ ಬಂದರು. ಬದುವಿನ ಮೇಲೆ ಹಸಿ ಕಡಲೆಕಾಯಿ ಸುಟ್ಟು ತಿನ್ನುತ್ತ ಕೂತೆವು. ಇವರು ಮಾತ್ರ ತಿನ್ನಲಿಲ್ಲ, ಬೈಯುತ್ತಲೇ ಇದ್ದರು.

ಬೇಲಿಯ ಕಡೆ ಸದ್ದಾಯಿತು. ದೊಡ್ಡದೊಂದು ಹಂದಿ ಮೂತಿ ಹೊರಹಾಕಿತು, ಹಿಂದೆ ಮರಿಗಳು. ನಾವು ಡಬ್ಬ ಎತ್ತುವಷ್ಟರಲ್ಲಿ ಇವರು ನನ್ನ ಕಡೆ ತಿರುಗಿ, "ಆ ಮದ್ದು ಇದ್ದಿದ್ರೆ ಈಗ ಏನಾಗ್ತಿತ್ತು ಗೊತ್ತೇನೇ!" ಎಂದು ಹೊಟ್ಟೆಯಲ್ಲಿದ್ದ ಸಿಟ್ಟೆಲ್ಲ ಸೇರಿಸಿ ಅರಚಿದರು. ಆ ಗಂಟಲಿಗೆ ಹಂದಿ ಅಲ್ಲೇ ತಿರುಗಿ, ಮರಿ ಕಟ್ಟಿಕೊಂಡು ಗುಡ್ಡದ ಕಡೆ ಓಡಿತು.

ಅಣ್ಣ ಬದುವಿನಿಂದ ಉರುಳಿಬಿದ್ದು ನಕ್ಕ. "ಭಾವ, ನಿಮಗ ಮದ್ದು ಯಾಕ ಬೇಕ್ರಿ? ತಂಗೀನ ಎದುರಿಗೆ ನಿಲ್ಲಿಸ್ಕೊಂಡ್ರ ಸಾಕು!"

ಕೊನೆಗೆ ಇವರೂ ನಕ್ಕರು. ನಕ್ಕಾಗ ಮೀಸೆ ಕುಣಿಯುತ್ತದೆ.

ಆದರೆ ದಿನಾ ಹೀಗೆ ಅರಚಲು ಆಗುತ್ತದೆಯೇ? ಮರುದಿನ ಬೆಳಗ್ಗೆ ಅವರ ಗಂಟಲು ಕಟ್ಟಿ ಮಾತೇ ಹೊರಡಲಿಲ್ಲ. ನಾನು ಕೂಲಿ ಹೆಂಗಸರನ್ನು ಕರೆದುಕೊಂಡು, ಬಿಸಿಲೇರುವ ಮೊದಲೇ ಹೊಲಕ್ಕಿಳಿದು, ಹಂದಿ ನುಗ್ಗುವ ಬೇಲಿಯ ಕಡೆಯಿಂದಲೇ ಕಡಲೆಕಾಯಿ ಕೀಳಲು ಹಿಡಿದೆ.