ಒಂದು ಕೂದಲೆಳೆ ಎಡಕ್ಕೆ

ಅವರ ಎಡಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಎಂದೋ ತಗಡು ಕತ್ತರಿಸುವ ಚಾಣ ಜಾರಿ ಬಿದ್ದ ಪೆಟ್ಟು. ಆ ಸೀಳಿನಲ್ಲಿ ಸುಣ್ಣದ ಪುಡಿ ಸದಾ ತುಂಬಿಕೊಂಡಿರುತ್ತಿದ್ದುದರಿಂದ ಅವರು ತಗಡಿನ ಮೇಲೆ ಬೆರಳಾಡಿಸಿದಲ್ಲೆಲ್ಲ ತೆಳ್ಳಗಿನ ಬಿಳಿ ಗೆರೆಯೊಂದು ಉಳಿಯುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಅಕ್ಕಿಆಲೂರಿನಲ್ಲಿ ಎಲ್ಲರಿಗೂ ಅವರು ಅಚ್ಚಿನ ಕಾಕಾ. ನಾನು ಅಲ್ಲಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತ. ಚೀಲಗಳಿಗೆ ಹೆಸರು ಬಳಿಸಿ ಲಾರಿಗೆ ಹೇರಿಸುವುದು ನನ್ನ ಕೆಲಸ. ಆ ಹೆಸರಿನ ಅಚ್ಚುಗಳನ್ನು ಕಾಕಾ ಮಾಡಿಕೊಡುತ್ತಿದ್ದರು. ಹಳೆಯ ಎಣ್ಣೆ ಡಬ್ಬಿಯನ್ನು ಬಿಚ್ಚಿ, ಬಡಿದು ಸಪಾಟು ಮಾಡಿ, ಅಕ್ಷರದ ಆಕಾರವನ್ನು ಚಾಣದಿಂದ ಕತ್ತರಿಸಿ ತೆಗೆಯುವರು. ಆ ತಗಡನ್ನು ಚೀಲದ ಮೇಲಿಟ್ಟು ಕರಿ ಬಣ್ಣ ಬಳಿದರೆ ಹೆಸರು ಮೂಡಬೇಕು. ಆದರೆ ನಮ್ಮ ಅಕ್ಷರಗಳೆಲ್ಲ ದುಂಡಗೆ. ಸುತ್ತಲೂ ಕತ್ತರಿಸಿದರೆ ನಡುವಿನ ತುಂಡು ಉದುರಿಹೋಗಿ ಚೀಲದ ಮೇಲೆ ಬರೀ ಕರಿ ಮುದ್ದೆ. ಅದಕ್ಕೆ ಅಲ್ಲಲ್ಲಿ ಸಣ್ಣ ಪಟ್ಟಿಗಳನ್ನು ಕತ್ತರಿಸದೆ ಬಿಡುತ್ತಿದ್ದರು. ನಡುವಿನ ತುಂಡಿಗೆ ಅವರು ಹೊಟ್ಟಿ ಅನ್ನುವರು, ಪಟ್ಟಿಗೆ ಕೊಂಡಿ.

"ರ ಅಕ್ಷರದ ಹೊಟ್ಟಿಗೆ ಎರಡು ಕೊಂಡಿ ಸಾಕು ತಮ್ಮಾ. ನಿಮ್ಮ ಸಾವ್ಕಾರ್ರ ಹೊಟ್ಟಿಗೆ ನಾಕರ ಬೇಕು."

ಅಕ್ಷರ ಬರೆಯುವ ಅವರ ರೀತಿ ನಾನು ಬೇರೆಲ್ಲೂ ನೋಡಿಲ್ಲ. ಹಲಗೆಯ ಮೇಲೆ ನಾಲ್ಕೈದು ಮೊಳೆ ಹೊಡೆದು, ಅವುಗಳಿಗೆ ಆನಿಸಿ ತೆಳ್ಳನೆಯ ಬಿದಿರು ಸೀಳನ್ನು ಬಾಗಿಸುವರು. ಅದು ಬಾಗಿದ ದಾರಿಯೇ ಅಕ್ಷರದ ಅಂಚು; ಅದನ್ನು ಸುಣ್ಣದಿಂದ ತಗಡಿಗೆ ಇಳಿಸಿಕೊಳ್ಳುವರು. ಬಾಗು ಸರಿಬರದಿದ್ದರೆ ಗೆರೆ ತಿದ್ದುತ್ತಿರಲಿಲ್ಲ. ಒಂದು ಮೊಳೆ ಕಿತ್ತು ಪಕ್ಕಕ್ಕೆ ಹೊಡೆಯುವರು. "ಮೊಳಿ ಸರಸು, ಗೆರಿ ತಾನ ಸರೀತೈತಿ. ಮೊಳಿ ಹೆಚ್ಚಾದಂಗ ಗೆರಿ ಸಾಯತೈತಿ," ಅನ್ನುವರು. ಈಗ ಶಿಗ್ಗಾಂವಿಯಲ್ಲಿ ನನ್ನದೇ ಒಂದು ಬೋರ್ಡಿನ ಅಂಗಡಿ ಇದೆ. ಕಂಪ್ಯೂಟರಿನಲ್ಲಿ ಅಕ್ಷರದ ಅಂಚಿನ ಚುಕ್ಕಿಯನ್ನು ಮೌಸಿನಿಂದ ಹಿಡಿದು ಎಳೆದರೆ ಗೆರೆ ಅದರ ಹಿಂದೆಯೇ ಬಾಗುತ್ತದೆ. ಕಲಿಸಲು ಬಂದವನು ನಾನು ಒಂದೇ ದಿನದಲ್ಲಿ ಕೈ ಕುದುರಿಸಿಕೊಂಡದ್ದು ನೋಡಿ ಬೆರಗಾದ. ಬೇಕಾದ್ದಕ್ಕಿಂತ ಒಂದು ಚುಕ್ಕಿ ಹೆಚ್ಚಿಟ್ಟರೆ ಇಂದಿಗೂ ಆ ಮಾತು ಕಿವಿಯಲ್ಲಿ ಕೇಳುತ್ತದೆ.

ಒಂದು ಸಲ ಕಾಕಾ ಕೊಟ್ಟ ಅಚ್ಚನ್ನು ಮಿಲ್ಲಿನ ಸಾವುಕಾರರು ಬೆಳಕಿಗೆ ಹಿಡಿದು, ಅಕ್ಷರ ಸೊಟ್ಟ ಇದೆ, ವಾಪಸ್ ಕೊಟ್ಟು ಬಾ ಎಂದರು. ನನಗೆ ಆಗ ಇಪ್ಪತ್ತೆರಡು. ಮೈಯೆಲ್ಲ ಮಿಲ್ಲಿನ ದಿಮಾಕು. ಅವರ ಮನೆಯ ಕಟ್ಟೆಯ ಮುಂದೆ ನಿಂತು ತಗಡನ್ನು ನೆಲಕ್ಕೆ ಒಗೆದು, "ಏನ ಕಾಕಾ, ಕಣ್ಣ ಕಾಣ್ಸೂದಿಲ್ಲೇನ್ರಿ ನಿಮಗ?" ಎಂದುಬಿಟ್ಟೆ.

ಬಾಯಿಗೆ ಬಂದ ಮಾತು. ಕಾಕಾ ತಗಡಿಗಾಗಿ ನೆಲ ತಡವಿದರು. ತಡವಿದ ಜಾಗದಲ್ಲಿ ತಗಡು ಇರಲಿಲ್ಲ.

"ಎಡಗಣ್ಣ ಹೋಗಿ ಆರು ತಿಂಗಳಾತಪಾ," ಎಂದರು ಮೆಲ್ಲಗೆ. "ಬಲಗಣ್ಣೂ ಹೊಂಟೈತಿ."

ಒಳಗೆ ಅಕ್ಕಿ ಆರಿಸುತ್ತಿದ್ದ ಅವರ ಹೆಂಡತಿಯ ಕೈಯಿಂದ ಮೊರ ಜಾರಿತು. ಆರು ತಿಂಗಳಿಂದ ಆಕೆಗೂ ಹೇಳಿರಲಿಲ್ಲ ಅವರು. ಶಾಲೆಗೆ ಹೋಗುವ ಎರಡು ಹೆಣ್ಣುಮಕ್ಕಳಿದ್ದ ಮನೆ, ಗಳಿಕೆಯೆಂದರೆ ಆ ಎರಡು ಕೈ. ಆ ಮನೆಯ ನೆಲವನ್ನು ನನ್ನ ಒಂದು ಮಾತು ಕಿತ್ತು ಹಾಕಿತ್ತು. ನನಗೆ ನಾಚಿಕೆಯಾಯಿತು ಎಂದರೆ ಕಡಿಮೆ. ಅಲ್ಲಿಂದ ಓಡಿಹೋಗಬೇಕೆನಿಸಿತು.

ಹುಬ್ಬಳ್ಳಿಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ದೀಪ ಹಿಡಿದು ನೋಡಿ, ಕಣ್ಣಿನ ನರ ಒಣಗಿದೆ, ಆಪರೇಷನ್ನಿನಿಂದ ಆಗುವುದಲ್ಲ, ಇನ್ನೊಂದು ವರ್ಷ ನಡೆದರೆ ಹೆಚ್ಚು ಎಂದರು. ಬರುವಾಗ ಬಸ್ಸು ಬಂಕಾಪುರ ದಾಟಿತು. ಕಾಕಾ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡರು.

"ತಮ್ಮಾ, ಒಂದೊಂದು ಅಕ್ಷರಕ್ಕ ಒಂದೊಂದು ಹಲಗಿ. ಮೊಳಿ ಹೊಡದ ಇಟ್ಟಬಿಡತೇನಿ. ಬಿದಿರ ಆನಿಸಿದ್ರ ಗೆರಿ ಬರಬೇಕು, ಹಂಗ. ನಮ್ಮಾಕಿ ಚಾಣಾ ಹಿಡಿಯೂದು ಕಲೀತಾಳ. ಆದ್ರ ಮೊಳಿ ಸರಿ ಬಿದ್ದಾವೋ ಇಲ್ಲೋ ನೋಡಾಕ ಕಣ್ಣ ಬೇಕಲ್ಲಪಾ?"

"ನಾ ಬರ್ತೇನ್ರಿ ಕಾಕಾ," ಎಂದೆ.

ಪ್ರತಿ ರವಿವಾರ ಹೋಗುತ್ತಿದ್ದೆ. ಅವರು ಬೆರಳಿನಿಂದ ಅಳೆದು ಮೊಳೆ ಹೊಡೆಯುವರು, ನಾನು ಬಿದಿರು ಆನಿಸಿ ನೋಡಿ ಹೇಳುವೆ: ಮೇಲೆ, ಕೆಳಗೆ, ಒಂದು ಕೂದಲೆಳೆ ಎಡಕ್ಕೆ. ಮೊದಮೊದಲು ಒಂದು ರವಿವಾರಕ್ಕೆ ಎರಡು ಅಕ್ಷರ ಮುಗಿಯುತ್ತಿದ್ದವು. ಆಮೇಲೆ ಒಂದು. ಆಮೇಲೆ ಅರ್ಧ. ಸುತ್ತಿಗೆ ಮೊಳೆಗಿಂತ ಹೆಚ್ಚಾಗಿ ಬೆರಳಿಗೇ ಬೀಳತೊಡಗಿತು. ಒಮ್ಮೊಮ್ಮೆ ಕಿತ್ತ ಮೊಳೆಯನ್ನು ಗೋಡೆಗೆ ಎಸೆದು, ತಲೆ ತಗ್ಗಿಸಿ ಕೂತುಬಿಡುವರು. ಕಾಕು, ಎಂದರೆ ಅವರ ಹೆಂಡತಿ, ಆ ಮೊಳೆಯನ್ನು ಹುಡುಕಿ ತಂದು ಅಂಗೈಗೆ ಇಡುವರು.

ಹಲಗೆಗಳ ನಡುವೆಯೂ ಅಚ್ಚು ಕತ್ತರಿಸುವುದನ್ನು ಅವರು ಬಿಟ್ಟಿರಲಿಲ್ಲ. ಬಿಟ್ಟರೆ ಒಲೆ ಹತ್ತುವುದು ಹೇಗೆ? ಒಂದು ರವಿವಾರ ನಮ್ಮ ಮಿಲ್ಲಿನದೇ ಅಚ್ಚು, ಊರಿನ ಹೆಸರಿನ ಕೊನೆಯ 'ರು' ಉಳಿದಿತ್ತು. ನಾನು ನೋಡುತ್ತಿದ್ದಂತೆಯೇ ಚಾಣ ಒಂದು ಕೊಂಡಿಯನ್ನು ದಾಟಿತು. ತಡೆಯುವಷ್ಟರಲ್ಲಿ ಇನ್ನೊಂದನ್ನೂ. ನಡುವಿನ ಹೊಟ್ಟಿ ಉದುರಿ ಕೆಳಗಿನ ಗೋಣಿತಾಟಿನ ಮೇಲೆ ಸಪ್ಪಳವಿಲ್ಲದೆ ಬಿತ್ತು. ಕಾಕುವೂ ನೋಡಿದರು.

"ಹೆಂಗ ಬಂತು ತಮ್ಮಾ?"

ಹಿಂದೊಮ್ಮೆ ನಿಜ ಹೇಳಿ ಮನೆ ಮುರಿದವನು ನಾನು. "ಛಲೋ ಬಂದೈತ್ರಿ ಕಾಕಾ," ಎಂದೆ.

ಅವರು ಸೀಳುಗುರಿನ ಹೆಬ್ಬೆರಳನ್ನು ತಗಡಿನ ಮೇಲೆ ನಿಧಾನಕ್ಕೆ ಆಡಿಸಿದರು. ಬೆರಳು ಬಯಲಿಗೆ ಬಿದ್ದು ನಿಂತಿತು. ಆ ಮುಖವನ್ನು ನಾನು ಸಾಯುವವರೆಗೂ ಮರೆಯಲಾರೆ.

"ನೀನೂ ಸುಳ್ಳ ಹೇಳಾಕತ್ತೆಲ್ಲಪಾ?" ಎಂದರು. "ಅವತ್ತ ಬೀದ್ಯಾಗ ನಿಂತ ಬೈದೆಲ್ಲಾ, ಅದಕ್ಕ ನಿನ್ನ ಕರದೇನಿ. ಇದ್ದದ್ದ ಹೇಳಾಂವ ನೀ ಒಬ್ಬ ಸಿಕ್ಕೆ ಅಂತ. ಕಣ್ಣ ಸುಳ್ಳ ಹೇಳಿದ್ರ ನಾ ಯಾರನ್ನ ಕೇಳಲಿ?"

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಚಾಣವನ್ನು ಕಾಕುವಿನ ಕೈಗೆ ಕೊಟ್ಟು, ಹಲಗೆ ತಾ ಎಂದರು. ಆ ದಿನದಿಂದ ಚಾಣ ಮುಟ್ಟಲಿಲ್ಲ, ಬರೀ ಮೊಳೆ.

ಬಲಗಣ್ಣೂ ಪೂರ್ತಿ ಹೋದಾಗ ಇನ್ನೂ ಆರೇಳು ಅಕ್ಷರ ಬಾಕಿ ಇದ್ದವು. ಬೆರಳಿನಿಂದಲೇ ಮುಂದುವರಿಸಿದರು. ಕೊನೆಗೆ ಉಳಿದದ್ದು 'ಳ'. ಅಷ್ಟರಲ್ಲಿ ಜ್ವರ ಹಿಡಿದಿತ್ತು, ಎದೆಯಲ್ಲಿ ಕಫ ಕಟ್ಟಿತ್ತು. ಕಾಕು ಬೆನ್ನಿಗೆ ಆಸರೆ ಕೊಟ್ಟು ಕೂರಿಸಿದ್ದರು. ಬಲಬದಿಯ ಬಾಗಿನ ಮೊಳೆಯನ್ನು ಹತ್ತು ಏಟು ತಪ್ಪಿ ಹನ್ನೊಂದನೆಯದಕ್ಕೆ ಹೊಡೆದರು.

"ಈಗ ಹೇಳು."

ಬಿದಿರು ಆನಿಸಿದೆ. ಸರಿ ಇದೆ ಎಂದಿದ್ದರೆ ಅಂದೇ ಅವರ ಕೆಲಸ ಮುಗಿಯುತ್ತಿತ್ತು.

"ಇಲ್ರಿ ಕಾಕಾ. ಒಂದ ಕೂದಲೆಳಿ ಎಡಕ ಹೋಗಬೇಕ್ರಿ."

ಅವರು ತಲೆಯಾಡಿಸಿದರು. ಮುಖದಲ್ಲಿ ಸಣ್ಣ ನಗೆಯಿತ್ತು ಎಂದು ನನಗೆ ಅನಿಸುತ್ತದೆ. ನಗೆ ಇರಲಿಲ್ಲ ಎಂದು ಕಾಕು ಅನ್ನುತ್ತಿದ್ದರು. ಸುತ್ತಿಗೆ ಎತ್ತಲು ನೋಡಿದರು, ಆಗಲಿಲ್ಲ. "ನಾಳೆ ಸರಸೋಣು," ಎಂದರು. ಆ ನಾಳೆ ಬೆಳಗಾಗುವ ಮುಂಚೆ ಹೋಗಿಬಿಟ್ಟರು.

ಆ ಮೊಳೆಯನ್ನು ನಾನು ಸರಿಸಬಹುದಿತ್ತು. ನನ್ನ ಕೈ ಏಳಲಿಲ್ಲ, ಕಾಕು ಮುಟ್ಟಗೊಡಲೂ ಇಲ್ಲ. ಅವರು ಆ ಹಲಗೆಗಳಿಂದಲೇ ಅಚ್ಚು ಕತ್ತರಿಸಿ ಇಬ್ಬರು ಮಕ್ಕಳನ್ನು ಓದಿಸಿದರು.

ಮರುವರ್ಷ ನಮ್ಮ ಮಿಲ್ಲಿಗೆ 'ಹಳೆ ಅಕ್ಕಿ' ಎಂಬ ಅಚ್ಚು ಬಂತು, ಕಾಕು ಕತ್ತರಿಸಿದ್ದು. ಸಾವುಕಾರರು ಎಂದಿನಂತೆ ಬೆಳಕಿಗೆ ಹಿಡಿದರು.

"ಈ ಳ ಸೊಟ್ಟ ಐತಲ್ಲೋ?"

"ಸೊಟ್ಟ ಐತ್ರಿ," ಎಂದೆ. ಅವರ ಕೈಯಿಂದ ತಗಡು ಇಸಿದುಕೊಂಡು ಮೊದಲ ಚೀಲದ ಮೇಲಿಟ್ಟೆ, ಕುಂಚ ಅದ್ದಿ ಕರಿ ಬಣ್ಣ ಬಳಿದೆ.