ಮೇಲಿನ ಸಣ್ಣಕ್ಷರ ನಂಬಿ ಕೆಟ್ಟ ಅಂಬುಜಾ

ಮರಾಠಿ ಊರಿನ ಬಡಾವಣೆ ಬಜಾಜ್ ನಗರದ ಅಂಬುಜಾ ಸಿಟ್ಟಿನ ಹೆಂಗಸು ಎಂದು ಅಲ್ಲಿನ ಕನ್ನಡದ ಮನೆಗಳಲ್ಲೆಲ್ಲ ಮಾತಿತ್ತು. ಅದೇನು ಸುಳ್ಳಲ್ಲ. ಸಿಟ್ಟು ಬಂದ ದಿನ ಅವಳು ಲಟ್ಟಿಸಿದ ಚಪಾತಿ ಹಾಳೆಯಷ್ಟು ತೆಳ್ಳಗಾಗುತ್ತಿತ್ತು. ಗಂಡ ಮಧುಸೂದನ, ಬ್ಯಾಂಕಿನ ಗುಮಾಸ್ತ, ಬಡಪಾಯಿ, ಒಂದು ತುತ್ತು ಮುರಿಯುವಾಗಲೇ "ಇವತ್ತ ಯಾರ ಮ್ಯಾಲೆ?" ಎಂದು ಕೇಳುತ್ತಿದ್ದ. ಆದರೆ ತೊಂಬತ್ತೆಂಟನೆಯ ಇಸವಿಯಲ್ಲಿ ಬಂದ ಸಿಟ್ಟು ಚಪಾತಿಯಲ್ಲಿ ಮುಗಿಯುವಂಥದ್ದಾಗಿರಲಿಲ್ಲ.

ಧಾರವಾಡದಿಂದ ಮದುವೆಯಾಗಿ ಬಂದವಳು, ಮನೆ ಹತ್ತಿರದ ಖಾಸಗಿ ಶಾಲೆಯಲ್ಲಿ ಏಳು ವರ್ಷದಿಂದ ಗಣಿತ ಕಲಿಸುತ್ತಿದ್ದಳು. ಏಳು ವರ್ಷವಾದರೂ ನೌಕರಿ ಕಾಯಂ ಮಾಡಿದ ಕಾಗದ ಕೊಟ್ಟಿರಲಿಲ್ಲ. ಪ್ರತಿ ಜೂನ್ ತಿಂಗಳು "ಬರುವ ವರ್ಷ ನೋಡೋಣ" ಎಂಬ ಒಂದೇ ಮಾತು. ಆ ವರ್ಷ ಶಾಲೆಯ ಅಧ್ಯಕ್ಷರ ಅಳಿಯನ ತಮ್ಮನ ಮಗ ಗಣಿತದಲ್ಲಿ ಹನ್ನೊಂದು ಅಂಕ ತೆಗೆದ. ಪಾಸಾಗುವಂತೆ ಮೂವತ್ತೈದು ಮಾಡಿ ಎಂದರು ಅಧ್ಯಕ್ಷರು. ಅಂಬುಜಾ ಮಾಡಲಿಲ್ಲ. ವಾರ ಕಳೆಯುವುದರೊಳಗೆ ಎರಡು ಸಾಲಿನ ಕಾಗದ ಬಂತು: ನಡತೆ ಸರಿಯಿಲ್ಲದ್ದರಿಂದ ಸೇವೆ ಮುಗಿಸಲಾಗಿದೆ. ಏನಮ್ಮ, ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ. ಅದೇ ಸಾಲನ್ನು ಅವಳ ಸೇವಾ ಪುಸ್ತಕದಲ್ಲೂ ಬರೆದರು. ಆ ಸಾಲು ಇರುವವರೆಗೆ ಇನ್ನೊಂದು ಶಾಲೆ ಅವಳನ್ನು ಹೊಸ್ತಿಲು ದಾಟಿಸುವಂತಿರಲಿಲ್ಲ.

ರಾಮದಾಸಪೇಠಿನ ವಕೀಲರೊಬ್ಬರ ಬಳಿ ಹೋದಳು. ಕೇಸು ನಡೆಸಲು ಒಂದು ಫೀ, ಹಳೆಯ ತೀರ್ಪು ಹುಡುಕಲು ಇನ್ನೊಂದು ಫೀ ಎಂದರು. ಹುಡುಕುವುದನ್ನು ನಾನೇ ಮಾಡುತ್ತೇನೆ, ಎಲ್ಲಿ ಸಿಗುತ್ತವೆ ಹೇಳಿ ಎಂದಳು. ವಕೀಲರು ನಕ್ಕರು.

"ಬಾಯಿಯವರೇ, ಅದೇನು ಅಡುಗೆ ಪುಸ್ತಕವೇ?"

"ಅಡುಗೆ ಪುಸ್ತಕ ನಾನು ಓದಿದವಳೇ ಅಲ್ಲ ಸಾಹೇಬರೇ, ನೋಡಿ ಕಲಿತದ್ದು. ಇದನ್ನೂ ಹಾಗೇ ಕಲಿಯುತ್ತೇನೆ," ಎಂದು ಕಾಗದ ಮಡಚಿಕೊಂಡು ಬಂದಳು. ಬರುವ ದಾರಿಯಲ್ಲಿ ವಕೀಲರ ಲೈಬ್ರರಿಯ ಬಾಗಿಲಿಗೂ ಹೋದಳು. ಕಾವಲಿನವನು ಸ್ಟೂಲಿನಿಂದ ಏಳದೆಯೇ, ಹೊರಗಿನವರಿಗೆ ಪ್ರವೇಶವಿಲ್ಲ ಎಂದ.

ಎರಡು ಗಲ್ಲಿ ಆಚೆ ರಾಮಣ್ಣ ಕಾಕಾ ಇದ್ದರು. ತೀರ್ಪುಗಳನ್ನು ಅಚ್ಚು ಹಾಕುವ ಪ್ರೆಸ್ಸೊಂದರಲ್ಲಿ ಮೂವತ್ತು ವರ್ಷ ಪ್ರೂಫ್ ತಿದ್ದಿ ನಿವೃತ್ತರಾದವರು. ಮದುವೆಯ ಕರೆಯೋಲೆ ಕೊಟ್ಟರೂ ತಪ್ಪುಗಳಿಗೆ ಕೆಂಪು ಗುರುತು ಹಾಕಿ ವಾಪಸು ಕೊಡುತ್ತಿದ್ದರು. ಅದಕ್ಕೇ ಅವರನ್ನು ಮದುವೆಗೆ ಕರೆಯುವವರು ಕಡಿಮೆಯಾಗಿದ್ದರು.

"ತೀರ್ಪು ಯಾರಪ್ಪನ ಆಸ್ತಿನೂ ಅಲ್ಲ ತಂಗಿ," ಎಂದರು ನಶ್ಯದ ಡಬ್ಬಿ ತಟ್ಟುತ್ತ. "ಶಾಲಿ ಮಾಸ್ತರರ ತಕರಾರು ಕೇಳೋ ಟ್ರಿಬ್ಯೂನಲ್‌ನಾಗ ವಕೀಲರಿಲ್ಲದ ನಿನ್ನ ಮಾತು ನೀನ ಹೇಳಬಹುದು. ಕಾನೂನು ಕಾಲೇಜಿನ ಲೈಬ್ರರಿಯವ ನನ್ನ ದೋಸ್ತ. ಚೀಟಿ ಕೊಡತೀನಿ, ಮಧ್ಯಾಹ್ನ ಕೂತು ಓದು. ಪುಸ್ತಕದ ಕಡೀಗೆ ವಿಷಯದ ಪಟ್ಟಿ ಇರತೈತಿ. 'ಶಿಕ್ಷಕ' ಅಂತ ನೋಡು, 'ವಜಾ' ಅಂತ ನೋಡು, ಪುಟ ಬರಕೋ. ಹೊಸಾ ವರ್ಷದಿಂದ ಹಿಂದಕ್ಕ ಬಾ."

ಎಂಟು ಮಧ್ಯಾಹ್ನ ಕೂತಳು. ಧೂಳಿಗೆ ಸೀನಿ ಸೀನಿ ಸೆರಗು ಒದ್ದೆಯಾಯಿತು. ಒಂಬತ್ತನೆಯ ದಿನ ಸಿಕ್ಕಿತು: ವಿಚಾರಣೆಯಿಲ್ಲದೆ ಶಿಕ್ಷಕಿಯನ್ನು ತೆಗೆದದ್ದು ತಪ್ಪು ಎಂಬ ಹೈಕೋರ್ಟಿನ ತೀರ್ಪು. ತೀರ್ಪಿನ ತಲೆಯ ಮೇಲೆ ಸಣ್ಣಕ್ಷರದಲ್ಲಿ ಎಲ್ಲವೂ ಚೊಕ್ಕಟವಾಗಿ ಇತ್ತು. ಅದನ್ನೇ ದುಂಡಗೆ ಬರೆದುಕೊಂಡಳು, ಗಣಿತದ ಟೀಚರು ಸೂತ್ರ ಬರೆದುಕೊಂಡ ಹಾಗೆ. ಕೆಳಗಿನ ಇಪ್ಪತ್ತು ಪುಟ ಓದಲಿಲ್ಲ. ಸೂತ್ರ ಸಿಕ್ಕಮೇಲೆ ಇನ್ನೇನು?

ಟ್ರಿಬ್ಯೂನಲ್‌ನಲ್ಲಿ ಅವಳು ಅರ್ಜಿಯ ಜತೆ ಕೊಟ್ಟ ಆ ಹಾಳೆಗಳನ್ನು ಶಾಲೆಯ ವಕೀಲರು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಸಾಹೇಬರೇ, ಇದು ನ್ಯಾಯಾಧೀಶರ ಮಾತಲ್ಲ. ಪ್ರೆಸ್ಸಿನವರು ಬರೆದ ಸಾರಾಂಶ. ಅದರಲ್ಲೂ 'ಕಾಯಂ ಶಿಕ್ಷಕಿ' ಎಂದಿದೆ. ಈ ಬಾಯಿಯವರು ಕಾಯಂ ಅಲ್ಲವೇ ಅಲ್ಲ. ಅಕ್ಷರ ಮಾತ್ರ ಚೆನ್ನಾಗಿದೆ, ಮಕ್ಕಳಿಗೆ ಕಾಪಿ ಬರೆಸಲಿ."

ಹಿಂದೆ ಕೂತವರು ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಹದಿನೈದು ದಿನ ಕೊಟ್ಟರು, ತೀರ್ಪನ್ನೇ ತನ್ನಿ ಎಂದರು.

ಅಂಬುಜಾ ಚಪ್ಪಲಿ ಕಳಚದೆ ರಾಮಣ್ಣನ ಮನೆಯೊಳಗೆ ಹೋದಳು.

"ಮೂವತ್ತ ವರ್ಷ ಅಲ್ಲೇ ಇದ್ರಿ ಕಾಕಾ. ಮ್ಯಾಲಿಂದು ತೀರ್ಪಲ್ಲ ಅಂತ ಒಂದ ಮಾತು ಹೇಳಲಿಕ್ಕೆ ಬಾಯಿ ಬರಲಿಲ್ಲೇನು?"

ಅವರು ನಶ್ಯದ ಡಬ್ಬಿ ಕೆಳಗಿಟ್ಟರು. "ಅದು ನಮ್ಮ ಪ್ರೆಸ್ಸಿನ ಕೆಲಸ ತಂಗಿ. ನಾವ ಬರದದ್ದು ನಾವ ತಪ್ಪು ಅಂತ ಹ್ಯಾಂಗ ಅನಕೋಬೇಕು?"

"ಕರೆಯೋಲ್ಯಾಗ ಊರ ಮಂದಿ ತಪ್ಪು ಹುಡುಕತೀರಿ. ನಿಮ್ಮದು ಬಂದಾಗ ಕಣ್ಣು ಮುಚ್ಚತೀರಿ."

ಅವರ ಕಿವಿ ಕೆಂಪಾಯಿತು. ಕನ್ನಡಕ ಹಾಕಿಕೊಂಡು, "ನಡಿ, ನಾನೂ ಬರತೀನಿ," ಎಂದರು.

ಇಬ್ಬರೂ ಕಾಲೇಜಿಗೆ ಹೋಗಿ, ಮೇಲಿನ ಸಣ್ಣಕ್ಷರದ ಮೇಲೆ ಒಂದು ಪೋಸ್ಟ್‌ಕಾರ್ಡು ಮುಚ್ಚಿಟ್ಟು, ಕೆಳಗಿನದನ್ನು ಮೊದಲ ಸಾಲಿನಿಂದ ಓದಿದರು. ಇಂಗ್ಲಿಷ್ ಗಂಟು ಗಂಟಾಗಿತ್ತು. ಅಂಬುಜಾ ಒಂದೊಂದು ವಾಕ್ಯವನ್ನೂ ಲೆಕ್ಕದ ಹೆಜ್ಜೆಯಂತೆ ಬಿಡಿಸಿದಳು. ಹನ್ನೊಂದನೆಯ ಪ್ಯಾರಾಕ್ಕೆ ಬಂದು ಅವಳ ಬೆರಳು ನಿಂತಿತು. ಶಿಕ್ಷಕಿ ಕಾಯಂ ಇರಲಿ, ಇಲ್ಲದಿರಲಿ, ಹೆಸರಿಗೆ ಮಸಿ ಬಳಿಯುವ ಕಾಗದ ಕೊಡುವ ಮೊದಲು ಅವಳ ಮಾತು ಕೇಳಲೇಬೇಕು ಎಂದು ನ್ಯಾಯಾಧೀಶರು ಬರೆದಿದ್ದರು. ಸಾರಾಂಶ ಮಾಡಿದವರು ಆ 'ಇಲ್ಲದಿರಲಿ'ಯನ್ನೇ ನುಂಗಿದ್ದರು. ರಾಮಣ್ಣ ಪುಸ್ತಕದ ವರ್ಷ ನೋಡಿದರು. ಆ ವರ್ಷದ ಪ್ರೂಫ್ ತಿದ್ದಿದವರು ಅವರೇ. ಎದ್ದು, ಆ ತೀರ್ಪನ್ನು ಮುಂದೆ ಯಾವ ಕೋರ್ಟಾದರೂ ಅಲ್ಲಗಳೆದಿದೆಯೇ ಎಂದು ಆಮೇಲಿನ ಪುಸ್ತಕಗಳನ್ನೆಲ್ಲ ತಾವೇ ನೋಡಿ ಬಂದರು. ಇರಲಿಲ್ಲ. ಪುಟಕ್ಕೆ ಎಂಟಾಣೆಯಂತೆ ಜೆರಾಕ್ಸ್ ಆಯಿತು.

ಮುಂದಿನ ತಾರೀಖಿಗೆ ಅಂಬುಜಾ ಎದ್ದು ನಿಂತು ಹನ್ನೊಂದನೆಯ ಪ್ಯಾರಾ ಓದಿದಳು. ಕಾಪಿ ಬರೆಸಲಿ ಎಂದ ವಕೀಲರು ಈ ಸಲ ಜೆರಾಕ್ಸನ್ನು ಎರಡೂ ಕೈಯಲ್ಲಿ ಹಿಡಿದು ಓದಿದರು.

ಫೆಬ್ರವರಿಯಲ್ಲಿ ಆದೇಶ ಬಂತು. ವಜಾ ರದ್ದು, ಕೆಲಸಕ್ಕೆ ವಾಪಸು, ಸೇವಾ ಪುಸ್ತಕದ ಆ ಸಾಲು ಹೊಡೆದುಹಾಕಬೇಕು. ಶಾಲೆಯ ಆಫೀಸಿನಲ್ಲಿ ಅಧ್ಯಕ್ಷರು ಚಹಾ ತರಿಸಿದರು. ಅವಳು ಲೋಟ ಮುಟ್ಟಲಿಲ್ಲ. ಶಾಲೆಯ ಗುಮಾಸ್ತ ಸೇವಾ ಪುಸ್ತಕ ತೆರೆದು, ಅಕ್ಷರ ಮುಚ್ಚುವ ಬಿಳಿ ಬಣ್ಣದ ಶೀಶೆಯ ಮುಚ್ಚಳ ತಿರುಗಿಸಿದ.

"ಅದು ಬೇಡ," ಎಂದಳು ಅಂಬುಜಾ. "ಫೂಟುಪಟ್ಟಿ ತನ್ನಿ. ಕೆಂಪು ಶಾಯಿಯಲ್ಲಿ ಒಂದೇ ಗೆರೆ ಎಳೆಯಿರಿ, ಕೆಳಗಿನ ಅಕ್ಷರ ಕಾಣಬೇಕು. ನೀವೇನು ಬರೆದಿದ್ದಿರಿ ಎಂದು ನಾಳೆ ಬಂದವರೂ ಓದಲಿ. ಪಕ್ಕದಲ್ಲಿ ಆದೇಶದ ತಾರೀಖು ಹಾಕಿ."

"ಮತ್ತೇನಾದರೂ ಇದೆಯೇ ಮೇಡಂ?" ಎಂದರು ಅಧ್ಯಕ್ಷರು ಹಲ್ಲು ಕಚ್ಚಿ.

"ಸಹಿ," ಎಂದಳು. ಅವರು ಹಾಕಿದರು. ಅವಳು ಅಲ್ಲೇ ನಿಂತು, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದಿ, ಆಮೇಲೆ ತರಗತಿಗೆ ಹೋದಳು.