ಫೋರ್ಕಿಗೆ ಅಂಟಿಸಿದ ಕೆಂಪು ನೂಲು

ಚಳಿಗಾಲದ ಬಟ್ಟೆ ತೆಗೆಯಲೆಂದು ಮೊನ್ನೆ ಟ್ರಂಕು ತೆರೆದೆ. ನುಸಿಗುಳಿಗೆಯ ವಾಸನೆಯ ಜೊತೆಗೆ ಸ್ವೆಟರುಗಳ ನಡುವಿನಿಂದ ಕೆಂಪು ಉಣ್ಣೆಯ ಪುಟ್ಟ ಉಂಡೆಯೊಂದು ಉರುಳಿ ಬಂತು. ನಾನು ಹೆಣಿಗೆ ಕಲಿತವಳಲ್ಲ. ಅದು ನಾಗಪುರದ ವೈನಿಯದು...

ಎಂಬತ್ತರ ದಶಕ. ಇವರಿಗೆ ವಾಯುಪಡೆಯಲ್ಲಿ ವಿಮಾನದ ತಗಡು ಕೆಲಸ. ಮದುವೆಯಾದ ಹೊಸತರಲ್ಲಿ ನಾನು ಮೈಸೂರಿನಿಂದ ನಾಗಪುರದ ಪ್ರತಾಪ ನಗರದ ಬಾಡಿಗೆ ಮನೆಗೆ ಬಂದೆ. ಅದೇ ಅಂಗಳದ ಇನ್ನೊಂದು ಮನೆಯಲ್ಲಿ ಧಾರವಾಡದ ದಂಪತಿ. ಗಂಡ ರೈಲ್ವೆಯವರು, ಮನೆಯಲ್ಲಿರುತ್ತಿದ್ದುದೇ ಕಡಿಮೆ. ಹೆಂಡತಿಯನ್ನು ನಾವಿಬ್ಬರೂ ಅವರ ಕಡೆಯ ರೂಢಿಯಂತೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆವು. ನನಗಿಂತ ಸ್ವಲ್ಪ ದೊಡ್ಡವರು, ಬಿ.ಎಸ್ಸಿ. ಓದಿದವರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸೀತಾಬರ್ಡಿ ಪೇಟೆಯ ಗದ್ದಲದಲ್ಲೂ ಸ್ಕೂಟರ್ ಓಡಿಸುತ್ತಿದ್ದರು. ನನಗೆ ಸೈಕಲ್ ಕೂಡ ಬರುತ್ತಿರಲಿಲ್ಲ.

ಇವರ ಜೀವವೆಲ್ಲ ನಮ್ಮ ಮಾವನವರು ಬಿಟ್ಟುಹೋದ ಹಳೆಯ ಇಂಗ್ಲಿಷ್ ಮೋಟಾರ್ ಸೈಕಲ್ಲಿನಲ್ಲಿತ್ತು. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಎರಡು ದುಂಡು ಕೊಳವೆಗಳು ಗಾಳಿಯನ್ನು ತಡೆಯುತ್ತವೆ, ಅವಕ್ಕೆ ಮೀನಿನ ಮೈಯಂಥ ತಗಡಿನ ಹೊದಿಕೆ ತೊಡಿಸಿದರೆ ಗಾಡಿ ಹಗುರವಾಗಿ ಓಡುತ್ತದೆ ಎಂಬುದು ಇವರ ಹುಚ್ಚು. ನನಗೂ ಹೇಳಿದ್ದರು. ನಾನು "ಹೌದಾ" ಎಂದು ಒಗ್ಗರಣೆಗೆ ಎದ್ದು ಹೋಗಿದ್ದೆ. ವೈನಿ ಮಾತ್ರ ಬೈಕಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದರು, "ಮುಂದ ಗಾಳಿ ಸೀಳ್ತದ, ಖರೆ. ಹಿಂದ ಹೋಗಿ ಅದು ಏನ್ ಮಾಡ್ತದ್ರಿ?"

ಆಗ ಇವರ ಮುಖ ಅರಳಿದ ರೀತಿ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ನನ್ನ ಯಾವ ಮಾತಿಗೂ ಅದು ಹಾಗೆ ಅರಳಿರಲಿಲ್ಲ.

ಗಾಳಿಯ ದಾರಿ ಕಾಣಬೇಕಾದರೆ ವಿಮಾನದ ರೆಕ್ಕೆಗೆ ನೂಲಿನ ತುಂಡು ಅಂಟಿಸಿ ನೋಡುತ್ತಾರೆ ಎಂದು ಇವರು ಹೇಳಿದ್ದೇ ತಡ, ವೈನಿ ತಮ್ಮ ಕೆಂಪು ಉಣ್ಣೆ ತಂದರು. ಇವರು ಆಗಲೇ ಮಾಡಿ ತೊಡಿಸಿದ್ದ ಹೊದಿಕೆಯ ತುಂಬ ನೂಲು ಅಂಟಿಸಿದರು. ಭಾನುವಾರ ಬೆಳಿಗ್ಗೆ ವರ್ಧಾ ರಸ್ತೆಯಲ್ಲಿ ಇವರು ಬೈಕು ಓಡಿಸುವುದು, ವೈನಿ ಪಕ್ಕದಲ್ಲೇ ಸ್ಕೂಟರಿನಲ್ಲಿ ಹೋಗುತ್ತ ನೂಲು ನೋಡುವುದು. ಬಂದ ಮೇಲೆ ಅಂಗಳದಲ್ಲಿ ಮಾತು, ನಗು. ನಾನು ಒಳಗೆ ಚಪಾತಿ ಲಟ್ಟಿಸುತ್ತ ಕಿವಿಯೆಲ್ಲ ಹೊರಗಿಟ್ಟಿರುತ್ತಿದ್ದೆ. ಒಮ್ಮೆ ಧೈರ್ಯ ಮಾಡಿ, "ಹೊದಿಕೆಯ ಹಿಂದಿನ ಬಾಲ ಯಾಕೆ ಅಷ್ಟುದ್ದ?" ಎಂದು ಕೇಳಿದೆ. "ಅದು ಹಾಗೇ ಇರಬೇಕು" ಎಂದರು ಇವರು. ಅದನ್ನೇ ವೈನಿ ಕೇಳಿದ್ದರೆ ಚಿತ್ರ ಬರೆದು ತೋರಿಸುತ್ತಿದ್ದರು.

ಮುಂದಿನ ಭಾನುವಾರ, "ನಾನೂ ಬರ್ತೀನಿ" ಎಂದೆ. ಇವರು ಅಚ್ಚರಿಯಿಂದ ನೋಡಿದರು. ವೈನಿ, "ಚಲೋ ಆತು, ಹತ್ತು" ಎಂದು ಸೀಟು ತೋರಿಸಿದರು. ಯಾರನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತೋ ಅವರ ಸೊಂಟವನ್ನೇ ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಕೂತೆ. ಅವರ ಬೆನ್ನಿಗೆ ಸೋಪಿನ ವಾಸನೆಯಿತ್ತು...

ಪಕ್ಕದಲ್ಲಿ ಇವರ ಬೈಕು. ಫೋರ್ಕಿನ ಮುಂಭಾಗದ ನೂಲುಗಳು ತಗಡಿಗೆ ಒತ್ತಿಕೊಂಡು ಮಲಗಿದ್ದವು. ಬಾಲದ ತುದಿಯವು ಒಂದೇ ಸಮನೆ ಒದ್ದಾಡುತ್ತಿದ್ದವು. ಅಷ್ಟರಲ್ಲಿ ಎದುರಿನಿಂದ ಲಾರಿಯೊಂದು ಭರ್ರನೆ ದಾಟಿತು. ಅದರ ಗಾಳಿಗೆ ನೂಲೆಲ್ಲ ಒಟ್ಟಿಗೆ ಒಂದೇ ಕಡೆ ತಿರುಗಿ ನಿಂತಿತು, ಬೈಕಿನ ಹ್ಯಾಂಡಲ್ಲೂ ಅದೇ ಕಡೆ ಎಳೆಯಿತು. ಇವರು ರಸ್ತೆ ಬಿಟ್ಟು ಮಣ್ಣಿನಲ್ಲಿ ಜಾರಿ ಬಿದ್ದರು.

ನಾನು ಇಳಿದು ಓಡಿದೆ. ಇವರ ಮೊಣಕೈ ತರಚಿ ರಕ್ತ ಬರುತ್ತಿತ್ತು. ಇವರು ನನ್ನನ್ನು ಬಿಟ್ಟು ನನ್ನ ಹಿಂದಕ್ಕೆ ನೋಡಿ, "ವೈನಿ, ನೂಲು ನೋಡಿದ್ರಾ?" ಎಂದರು.

ವೈನಿ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ಸಾವಕಾಶವಾಗಿ ಬಂದರು. "ನಾ ರಸ್ತಾ ನೋಡ್ಲಿಕ್ಕತ್ತಿದ್ದೆ. ನೂಲು ನೋಡಿದಾಕಿ ಇಕಿ. ಇಕಿನ್ನ ಕೇಳ್ರಿ."

ನಾನು ಕಂಡದ್ದನ್ನೆಲ್ಲ ಹೇಳಿದೆ. "ಬಾಲ ಉದ್ದವಾಯ್ತು ರೀ. ಪಕ್ಕದ ಗಾಳಿಗೆ ಅದೇ ಹಾಯಿ ಥರ ಆಗ್ತಿದೆ" ಎಂದೆ. ಇವರು ರಕ್ತ ಒರೆಸಿಕೊಳ್ಳುವುದನ್ನೂ ಮರೆತು ಕೇಳಿದರು. ಅಂದು ಮಧ್ಯಾಹ್ನವೇ ಬಾಲವನ್ನು ಅರ್ಧಕ್ಕೆ ಕತ್ತರಿಸಿದರು, ತಗಡಿನ ಇನ್ನೊಂದು ತುದಿ ಹಿಡಿದದ್ದು ನಾನು. ಮತ್ತೆ ಯಾವ ಲಾರಿಗೂ ಹ್ಯಾಂಡಲ್ ಎಳೆಯಲಿಲ್ಲ. ವೇಗ ಹೆಚ್ಚಿತೇ ಎಂದರೆ... ನನಗೇನೋ ಅನುಮಾನ.

ಹೊಟ್ಟೆಕಿಚ್ಚು ಅಷ್ಟಕ್ಕೇ ಆರಲಿಲ್ಲ. ಗಂಡ ನನ್ನ ಮಾತಿಗೆ ಕಿವಿಗೊಟ್ಟ ಆ ಗಳಿಗೆಯನ್ನೂ ವೈನಿಯೇ ಕೊಟ್ಟರಲ್ಲ ಎಂದು ಒಳಗೇ ಕುದಿಯುತ್ತಿತ್ತು. ರೈಲ್ವೆಯವರಿಗೆ ವರ್ಗವಾಗಿ ಅವರು ಹೊರಟ ದಿನ ನಾನು ಅತ್ತೆ. ಇವರಿಗಿಂತ ಹೆಚ್ಚು ಅತ್ತೆ. ನೂಲು ಅಂಟಿಸಿ ಮಿಕ್ಕಿದ್ದ ಕೆಂಪು ಉಂಡೆ ನಮ್ಮಲ್ಲೇ ಉಳಿಯಿತು.

ಹೋದ ತಿಂಗಳು ಧಾರವಾಡದಿಂದ ಅವರ ಮಗಳು ಫೋನ್ ಮಾಡಿದಳು. ವೈನಿ ತೀರಿಕೊಂಡಿದ್ದರು. ಇವರು ಕಾಫಿ ಅಲ್ಲೇ ಬಿಟ್ಟು ಬಾಲ್ಕನಿಗೆ ಹೋಗಿ ಬಹಳ ಹೊತ್ತು ನಿಂತರು. ಇಷ್ಟು ವಯಸ್ಸಾದರೂ ಒಳಗೆ ಹಳೆಯ ಉರಿ ಒಮ್ಮೆ ಎದ್ದಿತು. ಆಮೇಲೆ ನಾನೂ ಹೋಗಿ ಪಕ್ಕದಲ್ಲಿ ನಿಂತು, "ವೈನಿ ಎಷ್ಟು ಚೆನ್ನಾಗಿ ಗಾಡಿ ಓಡಿಸ್ತಿದ್ರು, ಅಲ್ವಾ?" ಎಂದೆ. ಅವರಿರುವಾಗ ಈ ಮಾತು ನನ್ನ ಬಾಯಿಂದ ಬಂದಿರಲಿಲ್ಲ.

ಈಗ ಮನೆಯಲ್ಲಿ ವೈನಿಯ ಮಾತು ತೆಗೆಯುವವಳು ನಾನೇ. ಇವರು ಕೇಳುತ್ತಾರೆ.